ವ್ಯಸನಿಯ ಜೊತೆ ನಿಂತ ಮನೆಗಳು: ಒಂದು ಚರಿತ್ರೆ

ಹಬ್ಬದ ದಿನ ಗಸಗಸೆ ಪಾಯಸದ ಪರಿಮಳ ಬಂದರೆ ನಮ್ಮಲ್ಲಿ ಅನೇಕರಿಗೆ ಊರು ನೆನಪಾಗುತ್ತದೆ. ಪರನಾಡಿಗೆ ಬಂದು ಎರಡು ತಲೆಮಾರು ಕಳೆದರೂ ಆ ಪಾಯಸ ನಮ್ಮನ್ನು ಬಿಟ್ಟಿಲ್ಲ. ಆ ಗಸಗಸೆಯ ಗಿಡದ ಕಾಯಿಯೇ ಅಫೀಮಿನ ತಾಯಿ. ಕಾಯಿ ಹಸಿಯಾಗಿರುವಾಗ ಗೀರಿದರೆ ಒಸರುವ ಹಾಲು ಅಫೀಮು. ಕಾಯಿ ಒಣಗಿದ ಮೇಲೆ ಒಳಗೆ ಉಳಿಯುವ ಬೀಜ ನಮ್ಮ ಪಾಯಸ. ಒಂದೇ ಗಿಡದಿಂದ ಹಬ್ಬದೂಟವೂ ಬರುತ್ತದೆ, ಒಂದು ಮನೆಯನ್ನು ಸುಡುವ ಕಿಡಿಯೂ ಬರುತ್ತದೆ. ಗಿಡದ ತಪ್ಪು ಇಲ್ಲಿ ಏನೂ ಇಲ್ಲ.

ಈ ತಿಂಗಳ ಲೇಖನಕ್ಕೆ ಇಂಥ ವಿಷಯವನ್ನೇಕೆ ಆರಿಸಿಕೊಂಡಿರಿ ಎಂದು ಓದುಗರು ಕೇಳಬಹುದು. ರಾಜ್ಯೋತ್ಸವ, ದಾಸರ ಪದ, ಯಕ್ಷಗಾನ, ನಾಟಕಗಳ ನಡುವೆ ಮಾದಕ ವಸ್ತುವಿನ ಮಾತು ಅಪಶಕುನದಂತೆ ಕೇಳೀತು. ಆದರೆ ನಮ್ಮ ಸಂಘದ ಒಂದು ಕುಟುಂಬಕ್ಕೆ ಸಂಬಂಧಿಸಿದ ಹಳೆಯ ಸಾಲವೊಂದು ನಮ್ಮ ಮೇಲಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೆ ಮೊದಲು, ವ್ಯಸನಕ್ಕೆ ಬಿದ್ದವನನ್ನು ಈ ದೇಶ ಹೇಗೆ ನೋಡಿತು, ಅವನ ಮನೆಯವರಿಗೆ ಚಿಕಿತ್ಸೆಯಲ್ಲಿ ಎಂದು, ಹೇಗೆ ಸ್ಥಾನ ಸಿಕ್ಕಿತು ಎಂಬ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಈ ಚರಿತ್ರೆ ಬಹುಮಟ್ಟಿಗೆ ನಾವು ಬಂದು ನೆಲೆಸಿದ ಊರುಗಳಲ್ಲೇ ನಡೆದದ್ದು: ಮುಂಬಯಿ, ಪುಣೆ, ಮದರಾಸು.

ಬೊಂಬಾಯಿಯ ಬಾಲಗೋಳಿ

1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಅಫೀಮಿನ ವ್ಯಾಪಾರವನ್ನು ಕಂಪನಿ ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಡಿಸಿದ. ಮುಂದಿನ ಶತಮಾನದಲ್ಲಿ ಮಾಳವ ಪ್ರಾಂತದ ಅಫೀಮು ಬೊಂಬಾಯಿ ಬಂದರಿನಿಂದ ಚೀನಕ್ಕೆ ಹೋಗತೊಡಗಿತು. ಇಂದು ನಾವು ಹೆಮ್ಮೆಯಿಂದ ನೋಡುವ ಆ ನಗರದ ಎಷ್ಟೋ ಕಟ್ಟಡ, ಎಷ್ಟೋ ಧರ್ಮಸಂಸ್ಥೆಗಳ ಹಿಂದೆ ಹತ್ತಿಯ ಹಣದಂತೆ ಅಫೀಮಿನ ಹಣವೂ ಇದೆ. ಸರ್ಕಾರಕ್ಕೂ ಅದು ಬಹು ದೊಡ್ಡ ವರಮಾನದ ಬಾಬತ್ತಾಗಿತ್ತು. ಇಂಗ್ಲೆಂಡಿನಲ್ಲಿ ಇದರ ವಿರುದ್ಧ ಕೂಗೆದ್ದಾಗ 1893ರಲ್ಲಿ ಒಂದು ರಾಯಲ್ ಕಮಿಷನ್ ನೇಮಕವಾಯಿತು. 1895ರಲ್ಲಿ ಅದು ಕೊಟ್ಟ ವರದಿ ಭಾರತದಲ್ಲಿ ಅಫೀಮನ್ನು ನಿಷೇಧಿಸುವ ಅಗತ್ಯವಿಲ್ಲವೆಂದು ಹೇಳಿತು. ಅಫೀಮು ತಿನ್ನುವವನ ಮನೆಯಲ್ಲಿ ಏನಾಗುತ್ತದೆ ಎಂಬುದಕ್ಕಿಂತ ಬೊಕ್ಕಸದ ಲೆಕ್ಕ ಹೆಚ್ಚು ತೂಗಿತೆಂದು ಆ ಕಾಲದಲ್ಲೇ ಟೀಕಾಕಾರರು ಬರೆದರು.

ಆ ಕಾಲದ ಬೊಂಬಾಯಿಯಲ್ಲಿ 'ಬಾಲಗೋಳಿ' ಎಂಬ ಸಣ್ಣ ಗುಳಿಗೆ ಸಿಗುತ್ತಿತ್ತು. ಅದರಲ್ಲಿ ಅಫೀಮು ಇರುತ್ತಿತ್ತು. ಗಿರಣಿಗೆ ಹೋಗುವ ತಾಯಿ ಬೆಳಿಗ್ಗೆ ಹಸುಗೂಸಿನ ನಾಲಿಗೆಗೆ ಒಂದು ಗುಳಿಗೆ ತೀಡಿ ಮಲಗಿಸಿ ಹೋದರೆ ಮಗು ಸಂಜೆಯವರೆಗೂ ಅಳುತ್ತಿರಲಿಲ್ಲ. 1920ರ ದಶಕದಲ್ಲಿ ಗಿರಣಿ ಹೆಂಗಸರ ಸ್ಥಿತಿಗತಿಯನ್ನು ವಿಚಾರಿಸಲು ಹೋದ ಮಹಿಳಾ ವೈದ್ಯರು ಈ ರೂಢಿ ಎಷ್ಟು ವ್ಯಾಪಕವಾಗಿತ್ತೆಂಬುದನ್ನು ದಾಖಲಿಸಿದ್ದಾರೆ. ಮೇಲುನೋಟಕ್ಕೆ ಇದು ಕ್ರೌರ್ಯ. ಆದರೆ ಆ ತಾಯಿಯ ಚಾಳಿನ ಖೋಲಿಯನ್ನು ನೋಡಿದವರಿಗೆ ಬೇರೆಯೇ ಕಾಣುತ್ತಿತ್ತು. ಅತ್ತೆ ಇಲ್ಲ, ಅಜ್ಜಿ ಇಲ್ಲ, ಊರು ದೂರ. ದಿನಕ್ಕೆ ಹತ್ತು ಹನ್ನೊಂದು ಗಂಟೆ ಯಂತ್ರದ ಮುಂದೆ ನಿಲ್ಲಬೇಕು. ಮಗುವನ್ನು ನೋಡಿಕೊಳ್ಳುವವರು ಯಾರು? ಆಕೆಗೆ ಉಪದೇಶ ಮಾಡಿ ಫಲವಿರಲಿಲ್ಲ. ಗಿರಣಿಯಲ್ಲೇ ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಬೇಕಾಗಿತ್ತು, ಹೆರಿಗೆಯ ಕಾಲಕ್ಕೆ ಸಂಬಳ ಸಹಿತ ರಜೆ ಬೇಕಾಗಿತ್ತು. 1929ರಲ್ಲಿ ಬೊಂಬಾಯಿ ಪ್ರಾಂತದಲ್ಲಿ ಹೆರಿಗೆ ಸೌಲಭ್ಯದ ಶಾಸನ ಬಂದದ್ದು ಈ ತಿಳಿವಳಿಕೆಯ ಕಾಲದಲ್ಲೇ.

ಈ ಬಾಲಗೋಳಿಯ ಕಥೆ ನಮಗೆ ಒಂದು ಪಾಠ ಹೇಳುತ್ತದೆ. ಊರು ಬಿಟ್ಟು ಬಂದವರ ಮನೆಗೆ ಅಮಲು ಬರುವುದು ಹೆಚ್ಚಾಗಿ ಆಸರೆ ಇಲ್ಲದ ಕಡೆಯಿಂದ. ಆಸರೆ ಕೊಡದೆ ಬರಿಯ ಬೈಗುಳ ಕೊಟ್ಟರೆ ಅದು ಹೋಗುವುದಿಲ್ಲ.

ಅಮೃತಸರದ ಡೇರೆಗಳು

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸಂವಿಧಾನದ 47ನೆಯ ಅನುಚ್ಛೇದ ಔಷಧಕ್ಕಲ್ಲದೆ ಬೇರೆ ಬಗೆಯಲ್ಲಿ ಅಮಲು ಪದಾರ್ಥಗಳ ಬಳಕೆ ನಿಲ್ಲಿಸಲು ಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶನ ಕೊಟ್ಟಿತು. ಅಫೀಮಿನ ಬಹಿರಂಗ ಮಾರಾಟವನ್ನು 1959ರ ಹೊತ್ತಿಗೆ ಕೊನೆಗಾಣಿಸಬೇಕೆಂಬ ಗುರಿ ಇಟ್ಟುಕೊಳ್ಳಲಾಯಿತು. ಅಂಗಡಿ ಮುಚ್ಚುವ ಕೆಲಸ ಸರ್ಕಾರಕ್ಕೆ ಗೊತ್ತಿತ್ತು. ಅಂಗಡಿಗೆ ಹೋಗುತ್ತಿದ್ದ ಮನುಷ್ಯನನ್ನು ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ಸ್ಪಷ್ಟವಿರಲಿಲ್ಲ. ಮನೆಯಲ್ಲಿ ಹೊಡೆತ, ಇಲ್ಲವೆ ಪೋಲೀಸ್ ಠಾಣೆ, ಇಲ್ಲವೆ ಹುಚ್ಚಾಸ್ಪತ್ರೆ: ಇವೇ ಅವನಿಗಿದ್ದ ದಾರಿಗಳು.

ಹುಚ್ಚಾಸ್ಪತ್ರೆ ಎಂದರೆ ಆಗ ಎತ್ತರದ ಗೋಡೆ, ಬೀಗ ಹಾಕಿದ ಕೋಣೆ. ಒಳಗೆ ಹೋದವನು ಮನೆಯವರ ಪಾಲಿಗೆ ಸತ್ತಂತೆ. ಈ ಗೋಡೆಯಲ್ಲಿ ಮೊದಲು ಬಾಗಿಲು ತೆರೆದವರು ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅವರು ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರು. ದೇಶ ವಿಭಾಗವಾದ ಮೇಲಿನ ದಿನಗಳು. ಆಸ್ಪತ್ರೆ ತುಂಬಿ ತುಳುಕುತ್ತಿತ್ತು, ನೋಡಿಕೊಳ್ಳುವ ಕೈಗಳು ಸಾಲದಾಗಿದ್ದವು. ಅವರು ಆಸ್ಪತ್ರೆಯ ಆವರಣದಲ್ಲೇ ಡೇರೆಗಳನ್ನು ಹಾಕಿಸಿ, ರೋಗಿಯ ತಂದೆ ತಾಯಿ, ಅಣ್ಣ ತಮ್ಮಂದಿರನ್ನು ಅಲ್ಲಿಯೇ ಜೊತೆಗೆ ಉಳಿಸಿಕೊಂಡರು. ಮನೆಯವರು ರೋಗಿಗೆ ಊಟ ಮಾಡಿಸಿದರು, ಸ್ನಾನ ಮಾಡಿಸಿದರು, ಸಂಜೆ ಎಲ್ಲರೂ ಸೇರಿ ಕುಳಿತಾಗ ವೈದ್ಯರು ರೋಗದ ವಿಚಾರ ತಿಳಿಸಿ ಹೇಳಿದರು. ಒಂದು ಕುಟುಂಬ ಇನ್ನೊಂದು ಕುಟುಂಬದ ಕಷ್ಟ ಕೇಳಿತು. ನಮ್ಮ ಮನೆಗೊಬ್ಬರಿಗೇ ಈ ಶಾಪ ಎಂದು ತಲೆ ತಗ್ಗಿಸಿ ಬಂದವರು, ಇದು ಶಾಪವಲ್ಲ, ಕಾಯಿಲೆ ಎಂದು ತಲೆಯೆತ್ತಿ ಹೋದರು. ರೋಗಿಗಳು ಬೇಗ ಚೇತರಿಸಿಕೊಂಡರು. ಮನೆಯವರು ಅವರನ್ನು ವಾಪಸು ಕರೆದುಕೊಂಡು ಹೋಗಲು ಹೆದರಲಿಲ್ಲ.

ಮನೆಯವರನ್ನು ಚಿಕಿತ್ಸೆಯ ಪಾಲುದಾರರನ್ನಾಗಿ ಮಾಡುವ ಈ ಪದ್ಧತಿ ಮುಂದೆ ವೆಲ್ಲೂರಿನಲ್ಲಿ, ನಮ್ಮ ಬೆಂಗಳೂರಿನಲ್ಲಿ ಬೆಳೆಯಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, ಅವೆರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಪಾಶ್ಚಾತ್ಯ ದೇಶಗಳ ವೈದ್ಯರು ಕುಟುಂಬವನ್ನು ಆಸ್ಪತ್ರೆಯ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದ ಕಾಲದಲ್ಲಿ ನಮ್ಮ ದೇಶ ಅದನ್ನು ಒಳಗೆ ಕರೆಯಿತೆಂಬುದು ಸಣ್ಣ ಮಾತಲ್ಲ.

ಅಡಿಗೆಮನೆಯಲ್ಲಿ ಕಾದ ಹೆಂಡಂದಿರು

ಇನ್ನೊಂದು ಎಳೆ ಅಮೆರಿಕದಿಂದ ಬಂತು. 1935ರ ಮೇ ತಿಂಗಳಲ್ಲಿ ಓಹಾಯೋ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ದಲ್ಲಾಳಿ, ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ ಒಬ್ಬರನ್ನೊಬ್ಬರು ಕಂಡರು. ಇಬ್ಬರೂ ಕುಡಿತಕ್ಕೆ ಸಿಕ್ಕಿ ಮುಳುಗಿದವರು. ಒಬ್ಬ ಕುಡುಕ ಇನ್ನೊಬ್ಬ ಕುಡುಕನ ಜೊತೆ ಮನಬಿಚ್ಚಿ ಮಾತಾಡಿದರೆ ಆ ದಿನ ಇಬ್ಬರೂ ಕುಡಿಯದೆ ಇರಬಹುದೆಂಬ ಸರಳ ಸತ್ಯ ಅವರಿಗೆ ಹೊಳೆಯಿತು. ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. ಅದರ ಕೂಟಗಳು ಭಾರತಕ್ಕೆ ಬಂದದ್ದು 1957ರ ಹೊತ್ತಿಗೆ. ಮಾದಕ ವಸ್ತುವಿಗೆ ಬಿದ್ದವರಿಗಾಗಿ ಇದೇ ಮಾದರಿಯ ನಾರ್ಕೋಟಿಕ್ಸ್ ಅನಾನಿಮಸ್ 1953ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾಯಿತು.

ಗಂಡಂದಿರು ಒಳಗೆ ಸಭೆ ನಡೆಸುವಾಗ ಹೆಂಡಂದಿರು ಅಡಿಗೆಮನೆಯಲ್ಲಿ ಕಾಫಿ ಕಾಯಿಸುತ್ತ ಕಾಯುತ್ತಿದ್ದರು. ಕಾಯುತ್ತ ಕುಳಿತವರು ಮಾತಿಗೆ ತೊಡಗಿದರು. ಬಿಲ್ ಅವರ ಹೆಂಡತಿ ಲೋಯಿಸ್ ವರ್ಷಗಟ್ಟಲೆ ಅಂಗಡಿಯಲ್ಲಿ ದುಡಿದು ಮನೆ ನಡೆಸಿದ ಹೆಂಗಸು. ಗಂಡ ಕುಡಿತ ಬಿಟ್ಟ ಮೇಲೂ ತನ್ನೊಳಗಿನ ಸಿಟ್ಟು ಏಕೆ ಹೋಗಿಲ್ಲವೆಂದು ಆಕೆ ಯೋಚಿಸಿದರು. ವ್ಯಸನಿಯೊಬ್ಬನ ಜೊತೆ ಬದುಕಿದವರಿಗೂ ಗಾಯವಾಗಿದೆ, ಅವರಿಗೂ ಆರೈಕೆ ಬೇಕು ಎಂಬ ತಿಳಿವಿನಿಂದ 1951ರಲ್ಲಿ ಅವರೂ ಇನ್ನೊಬ್ಬ ಗೆಳತಿಯೂ ಸೇರಿ ಅಲ್-ಅನಾನ್ ಕೂಟಗಳನ್ನು ಒಂದುಗೂಡಿಸಿದರು. ಅಲ್ಲಿ ಹೇಳಿಕೊಡುವ ವಿಚಾರದ ಸಾರ ಇಷ್ಟು: ಅವನ ಚಟವನ್ನು ನೀನು ಹುಟ್ಟಿಸಲಿಲ್ಲ, ನಿನ್ನ ಹತೋಟಿಯಿಂದ ಅದು ನಿಲ್ಲುವುದಿಲ್ಲ, ನೀನೊಬ್ಬಳೇ ಅದನ್ನು ವಾಸಿಮಾಡಲಾರೆ. 'ಗಂಡನನ್ನು ಹಿಡಿತದಲ್ಲಿಟ್ಟುಕೊಳ್ಳಲಿಲ್ಲ', 'ಮಗನನ್ನು ಸರಿಯಾಗಿ ಬೆಳೆಸಲಿಲ್ಲ' ಎಂಬ ಮಾತು ಕೇಳಿ ಕೇಳಿ ನೊಂದ ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಬೇರೆ ಇದ್ದೀತೆ?

ಮದರಾಸಿನ ಒಂದು ಮನೆ

ನಮ್ಮ ದೇಶದಲ್ಲಿ ಈ ಎಳೆಗಳನ್ನು ಹೆಣೆದವರಲ್ಲಿ ಶಾಂತಿ ರಂಗನಾಥನ್ ಅವರ ಹೆಸರು ಮೊದಲು ಬರುತ್ತದೆ. ಅವರ ಪತಿ ಟಿ. ಟಿ. ರಂಗನಾಥನ್, ಕೇಂದ್ರದಲ್ಲಿ ಅರ್ಥಸಚಿವರಾಗಿದ್ದ ಟಿ. ಟಿ. ಕೃಷ್ಣಮಾಚಾರಿ ಅವರ ಮೊಮ್ಮಗ. ಹಣಕ್ಕೆ, ಹೆಸರಿಗೆ ಕೊರತೆ ಇಲ್ಲದ ಮನೆ. ಆದರೂ ಕುಡಿತದಿಂದ ಅವರು 1979ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಪ್ರತಿಷ್ಠಿತ ಮನೆತನಗಳು ಇಂಥ ಸಾವಿನ ಕಾರಣವನ್ನು ಮುಚ್ಚಿಡುವುದು ಲೋಕರೂಢಿ. ಈ ಹೆಣ್ಣುಮಗಳು ಮುಚ್ಚಿಡಲಿಲ್ಲ. ವಿದೇಶಕ್ಕೆ ಹೋಗಿ ತರಬೇತಿ ಪಡೆದು ಬಂದು, ಗಂಡನ ಮನೆಯವರ ಬೆಂಬಲದಿಂದ 1980ರಲ್ಲಿ ಪತಿಯ ಹೆಸರಿನಲ್ಲೇ ಮದರಾಸಿನಲ್ಲಿ ಚಿಕಿತ್ಸಾ ಸಂಸ್ಥೆಯೊಂದನ್ನು ಆರಂಭಿಸಿದರು. ಕುಡಿತದಿಂದ ಸತ್ತವನ ಹೆಸರು ಕುಡಿತ ಬಿಡಿಸುವ ಮನೆಯ ಬಾಗಿಲ ಮೇಲೆ ನಿಂತಿತು.

ಆ ಸಂಸ್ಥೆಯ ವಿಶೇಷವೆಂದರೆ, ರೋಗಿ ಒಳಗೆ ಇರುವಾಗ ಮನೆಯವರಿಗೂ ಪ್ರತ್ಯೇಕವಾದ ಕಾರ್ಯಕ್ರಮ ಇರುತ್ತದೆ. ಹೆಂಡತಿಯೋ ತಾಯಿಯೋ ದಿನಾ ಬಂದು ಕುಳಿತು ವ್ಯಸನ ಎಂದರೇನು, ಸುಳ್ಳು ಏಕೆ ಹುಟ್ಟುತ್ತದೆ, ಅವನ ಸಾಲವನ್ನು ತಾನು ತೀರಿಸುತ್ತ ಹೋದರೆ ಏನಾಗುತ್ತದೆ, ಮಕ್ಕಳಿಗೆ ಏನು ಹೇಳಬೇಕು ಎಂಬುದನ್ನೆಲ್ಲ ತಿಳಿದುಕೊಳ್ಳುತ್ತಾರೆ. ಶಾಂತಿ ಅವರಿಗೆ 1992ರಲ್ಲಿ ಪದ್ಮಶ್ರೀ, 1999ರಲ್ಲಿ ವಿಶ್ವಸಂಸ್ಥೆಯ ಸಂಬಂಧದ ವಿಯೆನ್ನಾ ನಾಗರಿಕ ಸಮಾಜ ಪ್ರಶಸ್ತಿ ಬಂದವು.

ಗರ್ದ ಬಂದ ಕಾಲ

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಅದೇ ವರ್ಷದ ಕೊನೆಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕಿತು. ಆ ಭಾಗದ ಹೆರಾಯಿನ್ ಹಳೆಯ ದಾರಿ ಬಿಟ್ಟು ಹೊಸ ದಾರಿ ಹಿಡಿಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ 'ಬ್ರೌನ್ ಶುಗರ್' ಎಂಬ ಹೆಸರಿನ ಕಲಬೆರಕೆ ಹೆರಾಯಿನ್ ಮುಂಬಯಿಯ ಬೀದಿಗಳಿಗೆ ಬಂತು. ಮರಾಠಿಯಲ್ಲಿ ಅದಕ್ಕೆ 'ಗರ್ದ' ಎನ್ನುತ್ತಾರೆ. ಸಣ್ಣ ಕಾಗದದ ಪೊಟ್ಟಣದಲ್ಲಿ ಸಿಗುವ ಪುಡಿ. ಬೆಳ್ಳಿ ಕಾಗದದ ಮೇಲಿಟ್ಟು ಕೆಳಗೆ ಬೆಂಕಿಕಡ್ಡಿ ಹಿಡಿದು ಏಳುವ ಹೊಗೆಯನ್ನು ಎಳೆಯುವುದು. ಸೂಜಿ ಬೇಡ, ವಾಸನೆ ಇಲ್ಲ. ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಹುಡುಗ ಅದಿಲ್ಲದೆ ಎದ್ದು ನಿಲ್ಲಲಾರದ ಸ್ಥಿತಿಗೆ ಬಂದಿರುತ್ತಿದ್ದ. ಬಿಟ್ಟ ಮರುದಿನವೇ ಮೈ ಮುರಿಯುವ ನೋವು, ವಾಂತಿ, ನಿದ್ದೆ ಇಲ್ಲದ ರಾತ್ರಿಗಳು. ಆ ಯಾತನೆಗೆ ಹೆದರಿಯೇ ಅವನು ಮತ್ತೆ ಪೊಟ್ಟಣಕ್ಕೆ ಓಡುತ್ತಿದ್ದ. ಮನೆಯವರು ಇದನ್ನು ಹಟವೆಂದು ತಿಳಿದರು.

ಗಿರಣಿ ಮುಷ್ಕರ 1982ರಲ್ಲಿ ಆರಂಭವಾಗಿ ಸಹಸ್ರಾರು ಮನೆಗಳ ಒಲೆ ಆರಿಸಿದ್ದ ಕಾಲವದು. ಕನ್ನಡಿಗರ ಎಷ್ಟೋ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ನಗರವೂ ಅದೇ. ಮೇಲೆ ಬಂದವರ ಕಥೆಯನ್ನು ನಮ್ಮ ಪತ್ರಿಕೆಗಳು ಬರೆದಿವೆ. ಜಾರಿದವರ ಕಥೆಯನ್ನು ನಾವು ಬರೆಯಲಿಲ್ಲ.

1981ರಲ್ಲಿ ಬಾಂದ್ರಾದ ಮೌಂಟ್ ಕಾರ್ಮೆಲ್ ಚರ್ಚಿನ ಆಶ್ರಯದಲ್ಲಿ ಪಾದ್ರಿ ಜೋ ಪೆರೇರಾ 'ಕೃಪಾ' ಸಂಸ್ಥೆಯನ್ನು ಆರಂಭಿಸಿದರು. ತಾವೂ ಕುಡಿತದಿಂದ ಬಿಡುಗಡೆ ಹೊಂದಿದವರೆಂಬುದನ್ನು ಅವರು ಎಂದೂ ಮರೆಮಾಚಲಿಲ್ಲ. ಚಿಕಿತ್ಸೆಯಲ್ಲಿ ಅವರು ಯೋಗಾಸನಗಳನ್ನು ಸೇರಿಸಿದರು. ಅವರಿಗೆ ಯೋಗ ಕಲಿಸಿದ ಗುರು ನಮ್ಮವರೇ: ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಕಲಿತು, 1937ರಲ್ಲಿ ಪುಣೆಗೆ ಬಂದು ನೆಲೆಸಿದ ಬಿ. ಕೆ. ಎಸ್. ಅಯ್ಯಂಗಾರ್. ಬಾಲ್ಯದಲ್ಲಿ ಕಾಯಿಲೆಯಿಂದ ನರಳಿ, ತನ್ನ ದೇಹವನ್ನು ತಾನೇ ಎತ್ತಿ ನಿಲ್ಲಿಸಿಕೊಂಡ ಆ ಪರನಾಡ ಕನ್ನಡಿಗನ ವಿದ್ಯೆ ಹೀಗೆ ಬಾಂದ್ರಾದ ಹುಡುಗರ ನಡುಗುವ ಕೈಕಾಲುಗಳಿಗೆ ಆಸರೆಯಾಯಿತು.

ಪುಣೆಯಲ್ಲಿ ಅನಿಲ್ ಅವಚಟ್ ಎಂಬ ವೈದ್ಯ ಲೇಖಕರು ಗರ್ದದ ಹಿಡಿತಕ್ಕೆ ಸಿಕ್ಕ ಹುಡುಗರ ಬಗ್ಗೆ ಮರಾಠಿಯಲ್ಲಿ ಲೇಖನಮಾಲೆ ಬರೆದರು. ಅದನ್ನು ಓದಿ ಪು. ಲ. ದೇಶಪಾಂಡೆ, ಸುನೀತಾ ದೇಶಪಾಂಡೆ ದಂಪತಿಗಳು ಕಲಕಿಹೋದರು. ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದ್ದ ಪು. ಲ. ಅವರನ್ನು ನಮ್ಮ ಉತ್ತರ ಕರ್ನಾಟಕದ ಓದುಗರು ಚೆನ್ನಾಗಿ ಬಲ್ಲರು. ಈ ಹುಡುಗರಿಗಾಗಿ ಏನಾದರೂ ಮಾಡಿ ಎಂದು ಅವರು ಒಂದು ಲಕ್ಷ ರೂಪಾಯಿ ಕೊಟ್ಟರು. ಅನಿಲರ ಪತ್ನಿ ಡಾ. ಅನಿತಾ ಅವಚಟ್ ಯೆರವಡಾದ ಮಾನಸಿಕ ಆಸ್ಪತ್ರೆಯಲ್ಲಿ ಮನೋವೈದ್ಯೆಯಾಗಿದ್ದರು. ಆ ಆಸ್ಪತ್ರೆಯ ಆವರಣದಲ್ಲೇ 1986ರ ಆಗಸ್ಟ್ ತಿಂಗಳಲ್ಲಿ 'ಮುಕ್ತಾಂಗಣ' ತೆರೆಯಿತು.

ಅನಿತಾ ಅವರ ನಿಯಮ ಸರಳವಾಗಿತ್ತು: ಇಲ್ಲಿ ಹೊಡೆತವಿಲ್ಲ, ಅವಮಾನವಿಲ್ಲ. ಗುಣವಾದವರೇ ಮುಂದೆ ಅಲ್ಲಿನ ಕೆಲಸಗಾರರಾದರು, ಸಲಹೆಗಾರರಾದರು. ರೋಗಿಗಳ ಹೆಂಡಂದಿರಿಗಾಗಿ 'ಸಹಚರಿ' ಎಂಬ ಕೂಟ ಏರ್ಪಟ್ಟಿತು. ಬರಿಗೈಯಲ್ಲಿ, ಬಾಡಿದ ಮುಖದಲ್ಲಿ ಬಂದ ಹೆಂಗಸರು ಅಲ್ಲಿ ಪರಸ್ಪರ ಧೈರ್ಯ ಹೇಳಿಕೊಂಡರು. ಕ್ಯಾನ್ಸರ್ ರೋಗದಿಂದ ಅನಿತಾ ಅವರು 1997ರಲ್ಲಿ ತೀರಿಕೊಂಡರು, ಅನಿಲರು 2022ರಲ್ಲಿ. ಅವರ ಮಗಳು ಮುಕ್ತಾ ಆ ಕೆಲಸವನ್ನು ಮುಂದುವರಿಸಿದ್ದಾರೆ.

ಕಾಯಿದೆಯಲ್ಲಿ ಕರುಣೆಯ ಕಿಂಡಿ

ಸರ್ಕಾರವೂ ಸುಮ್ಮನೆ ಕೂಡಲಿಲ್ಲ. ಮಾದಕ ವಸ್ತುಗಳ ಕಾಯಿದೆ 1985ರ ನವೆಂಬರ್ 14ರಿಂದ ಜಾರಿಗೆ ಬಂತು. ಅದು ಬಹಳ ಕಠಿಣ ಕಾಯಿದೆ. ಸಾಗಿಸುವವನಿಗೂ ಸೇವಿಸುವವನಿಗೂ ಭಯ ಹುಟ್ಟಿಸುವಂಥದು. ಹೆದರಿಕೆಯಿಂದ ಮನೆಯವರು ಮಗನನ್ನು ಆಸ್ಪತ್ರೆಗೂ ಕರೆದೊಯ್ಯದೆ ಬಚ್ಚಿಟ್ಟದ್ದುಂಟು. ಆದರೆ ಆ ಕಾಯಿದೆಯಲ್ಲೂ ಕರುಣೆಗೆ ಒಂದು ಕಿಂಡಿ ಇದೆಯೆಂಬುದನ್ನು ನಮ್ಮ ಓದುಗರು ತಿಳಿದಿರಬೇಕು. ತಾನು ಸೇವಿಸಿದ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ಆರೋಪ ಹೊತ್ತ ವ್ಯಸನಿ, ಸ್ವಇಚ್ಛೆಯಿಂದ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ 64ಎ ಕಲಮಿನಂತೆ ಮೊಕದ್ದಮೆಯಿಂದ ರಕ್ಷಣೆ ಪಡೆಯಬಹುದು. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು. 39ನೆಯ ಕಲಂ, ಅಪರಾಧ ಸಾಬೀತಾದ ವ್ಯಸನಿಯನ್ನೂ ಅವನ ಒಪ್ಪಿಗೆಯಿಂದ ಸೆರೆಮನೆಯ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. 2001ರ ತಿದ್ದುಪಡಿ ಅಲ್ಪ ಪ್ರಮಾಣಕ್ಕೂ ವ್ಯಾಪಾರದ ಪ್ರಮಾಣಕ್ಕೂ ಶಿಕ್ಷೆಯಲ್ಲಿ ಅಂತರವಿಟ್ಟಿತು.

ಆದರೂ ಮನೆಯಿಂದಾಚೆ ತಳ್ಳುವ ಅಭ್ಯಾಸ ಸುಲಭವಾಗಿ ಹೋಗಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಗುಡಿಸಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಕಾರಣ ಓಡಲಾಗದೆ 28 ಜನ ಸುಟ್ಟು ಸತ್ತರು. ಅವರನ್ನು ಅಲ್ಲಿ ಬಿಟ್ಟು ಹೋದವರು ಬಹುಮಟ್ಟಿಗೆ ಅವರ ಮನೆಯವರೇ. ಕೆಟ್ಟವರಲ್ಲ, ದಾರಿ ಕಾಣದವರು. ಅಮೃತಸರದ ಡೇರೆಗೂ ಏರ್ವಾಡಿಯ ಸರಪಳಿಗೂ ನಡುವೆ ಇರುವ ಅಂತರ, ಮನೆಯವರಿಗೆ ಯಾರಾದರೂ ದಾರಿ ತೋರಿಸಿದರೋ ಇಲ್ಲವೋ ಎಂಬುದಷ್ಟೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿಯನ್ನು ಸಂಪೂರ್ಣ ನಿಷೇಧಿಸಿತು; ಮದ್ಯ ಮತ್ತು ಮಾದಕ ವಸ್ತುವಿನ ದುರ್ಬಳಕೆಯಿಂದಾದ ಮಾನಸಿಕ ತೊಂದರೆಯನ್ನೂ ತನ್ನ ರಕ್ಷಣೆಯೊಳಗೆ ಸೇರಿಸಿಕೊಂಡಿತು.

ಕರ್ನಾಟಕದಲ್ಲೂ ಕೆಲಸ ನಡೆದಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾದದ್ದು 1982ರಲ್ಲಿ. ಅದರ ಜೊತೆಗೂಡಿ ಜನಜಾಗೃತಿ ವೇದಿಕೆಯವರು ಹಳ್ಳಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದ್ದಾರೆ. ಊರವರೇ ಅಡಿಗೆ ಮಾಡಿ ಬಡಿಸುತ್ತಾರೆ, ಮನೆಯವರನ್ನು ಕರೆಸಿ ಮಾತಾಡಿಸುತ್ತಾರೆ, ಬಿಟ್ಟವರು ಮುಂದೆ 'ನವಜೀವನ ಸಮಿತಿ'ಗಳಲ್ಲಿ ಸೇರಿ ಒಬ್ಬರಿಗೊಬ್ಬರು ಕಾವಲಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ.

ಲೆಕ್ಕ ಹೇಳುವ ಮಾತು

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ವೈದ್ಯರು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಿತ್ತು. ಅದರಂತೆ ಅಫೀಮು, ಹೆರಾಯಿನ್ ಮುಂತಾದವುಗಳ ತೊಂದರೆಯಿಂದ ನೆರವು ಬೇಕಾದವರು ಸುಮಾರು 77 ಲಕ್ಷ ಜನ. ಕುಡಿತಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದರು. ಉಳಿದ 37 ಮಂದಿ ಎಲ್ಲಿದ್ದಾರೆ? ಮನೆಯಲ್ಲೇ ಇದ್ದಾರೆ. ಆದ್ದರಿಂದ ಚಿಕಿತ್ಸೆ ಮನೆಯಿಂದಲೇ ಶುರುವಾಗಬೇಕು.

ಮನೆಯವರು ಏನು ಮಾಡಬಲ್ಲರು ಎಂಬುದಕ್ಕೂ ಲೆಕ್ಕವಿದೆ. ಚಿಕಿತ್ಸೆಗೆ ಬರಲು ಒಪ್ಪದ ಕುಡುಕರ ಮನೆಯವರನ್ನು ಕುರಿತ ಒಂದು ಅಧ್ಯಯನ 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಕೆಲವರಿಗೆ, ನೆಂಟರೆಲ್ಲ ಸೇರಿ ಅವನನ್ನು ಎದುರಿಗೆ ಕೂರಿಸಿ ನಿಷ್ಠುರವಾಗಿ ಹೇಳುವ ಕ್ರಮವನ್ನು ಕಲಿಸಿದರು. ಆ ಗುಂಪಿನಲ್ಲಿ ಚಿಕಿತ್ಸೆಗೆ ಬಂದವರು ನೂರಕ್ಕೆ 30. ಇನ್ನು ಕೆಲವರಿಗೆ, ಜಗಳವಾಡದೆ ಮಾತಾಡುವುದು, ಅವನು ಕುಡಿಯದೆ ಇದ್ದ ಹೊತ್ತಿನಲ್ಲಿ ಪ್ರೀತಿಯಿಂದ ಜೊತೆಗಿರುವುದು, ಕುಡಿದ ಹೊತ್ತಿನಲ್ಲಿ ದೂರ ಸರಿಯುವುದು, ಅವನ ತಪ್ಪಿನ ಫಲವನ್ನು ತಾವು ಮುಚ್ಚಿಹಾಕದಿರುವುದು, ತಮ್ಮ ಆರೋಗ್ಯ ನೋಡಿಕೊಳ್ಳುವುದು ಇವನ್ನು ಕಲಿಸಿದರು. ಆ ಗುಂಪಿನಲ್ಲಿ ಬಂದವರು ನೂರಕ್ಕೆ 64. ಕರುಣೆ ಎಂದರೆ ಕೇಳಿದಷ್ಟು ಹಣ ಕೊಡುವುದಲ್ಲ. ಬಾಗಿಲು ತೆರೆದಿಟ್ಟು, ಹಣದ ಪೆಟ್ಟಿಗೆಗೆ ಬೀಗ ಹಾಕುವುದು. ಮೈಮೇಲೆ ಕೈ ಮಾಡಿದರೆ, ಮಕ್ಕಳಿಗೆ ಅಪಾಯವಾದರೆ ಹೆಂಡತಿ ಮಕ್ಕಳು ಬೇರೆ ಕಡೆ ಹೋಗಿ ಸುರಕ್ಷಿತವಾಗಿರುವುದೂ ಈ ಕರುಣೆಯೊಳಗೇ ಸೇರಿದ ಮಾತು.

ಇನ್ನೊಂದು ವಿಷಯ. ಬಿಟ್ಟವರು ಮತ್ತೆ ಜಾರುವುದುಂಟು. ಸಕ್ಕರೆ ಕಾಯಿಲೆ ಮತ್ತೆ ಏರಿದರೆ ನಾವು ರೋಗಿಯನ್ನು ನೀತಿಗೆಟ್ಟವನೆನ್ನುವುದಿಲ್ಲ. ವೈದ್ಯರ ಬಳಿಗೆ ಕರೆದೊಯ್ಯುತ್ತೇವೆ. ಇಲ್ಲಿಯೂ ಹಾಗೆಯೇ. ಹೆರಾಯಿನ್ ಚಟಕ್ಕೆ ವೈದ್ಯರ ಮೇಲ್ವಿಚಾರಣೆಯಲ್ಲಿ ದೀರ್ಘಕಾಲ ಕೊಡುವ ಔಷಧಗಳೂ ಇಂದು ಸರ್ಕಾರಿ ಕೇಂದ್ರಗಳಲ್ಲಿ ಸಿಗುತ್ತವೆ.

ನಮ್ಮ ಮೇಲಿನ ಸಾಲ

ಈಗ ಮೊದಲು ಹೇಳಿದ ಸಾಲದ ಮಾತು. ಮೂವತ್ತು ವರ್ಷಗಳಿಗೂ ಹಿಂದಿನ ಸಂಗತಿ. ನಮ್ಮ ಸಂಘದ ನಾಟಕಗಳಲ್ಲಿ ಒಬ್ಬ ಹುಡುಗ ಅಭಿಮನ್ಯುವಿನ ಪಾತ್ರ ಮಾಡುತ್ತಿದ್ದ. ಇಂಪಾದ ಗಂಟಲು. ಅವನ ತಾಯಿ ಸಂಘದ ಎಲ್ಲ ಸಮಾರಂಭಗಳಿಗೂ ಬಂದು ಕೋಸಂಬರಿ ಹಂಚುತ್ತಿದ್ದರು. ಒಂದು ವರ್ಷ ಹುಡುಗ ಅಭ್ಯಾಸಕ್ಕೆ ಬರುವುದು ತಪ್ಪಿತು. ಸಂಘದ ಡಬ್ಬಿಯಲ್ಲಿದ್ದ ಸ್ವಲ್ಪ ಹಣ ಕಾಣೆಯಾಯಿತು. ಅವನು ಪುಡಿಯ ಚಟಕ್ಕೆ ಬಿದ್ದಿದ್ದಾನೆಂದು ತಿಳಿಯಿತು. ನಾವು ಸಭ್ಯರು, ಗಲಾಟೆ ಮಾಡಲಿಲ್ಲ. ಆ ಮನೆಗೆ ಹೋಗುವುದನ್ನು ಬಿಟ್ಟೆವು, ಅಷ್ಟೇ. ಆಮಂತ್ರಣ ಪತ್ರಿಕೆ ಅಂಚೆಯಲ್ಲಿ ಹೋಗುತ್ತಿತ್ತು, ನಾವು ಹೋಗುತ್ತಿರಲಿಲ್ಲ. ಆ ತಾಯಿ ಬರುವುದೂ ನಿಂತಿತು. ಊರಿಗೆ ಕಳಿಸಿಬಿಡಲಿ ಎಂದು ನಮ್ಮ ನಮ್ಮಲ್ಲೇ ಮಾತಾಡಿಕೊಂಡೆವು.

ಆಮೇಲೆ ತಿಳಿದದ್ದು: ಆಕೆ ಮಗನನ್ನು ಚಿಕಿತ್ಸೆಗೆ ಸೇರಿಸಿ, ಮನೆಯವರ ಸಭೆಗೆ ವಾರ ವಾರ ಹೋಗುತ್ತಿದ್ದರು. ಮರಾಠಿ ಸರಿಯಾಗಿ ಬಾರದ ಆಕೆಗೆ ಜೊತೆಯಾಗಿ ಹೋಗಿ, ಪಕ್ಕದಲ್ಲಿ ಕುಳಿತು, ಹೇಳಿದ್ದನ್ನು ಬಿಡಿಸಿ ಹೇಳಿದವರು ಎದುರು ಮನೆಯ ಮರಾಠಿ ಹೆಂಗಸು. ಕನ್ನಡ ಬಲ್ಲ ನಾವು ಇನ್ನೂರು ಮನೆಗಳಿದ್ದೆವು. ಹುಡುಗ ಎರಡು ಸಲ ಮತ್ತೆ ಜಾರಿ, ಮೂರನೆಯ ಸಲ ನಿಂತ. ಕೆಲವು ವರ್ಷಗಳ ಹಿಂದೆ, ತಾಯಿ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ಸಂಘಕ್ಕೆ ಸ್ವಲ್ಪ ಹಣ ಕೊಡಲು ಬಂದಿದ್ದ. ತಲೆ ನರೆತಿತ್ತು. ಹಳೆಯ ಡಬ್ಬಿಯ ಹಣವನ್ನೂ ಲೆಕ್ಕ ಹಾಕಿ ತಂದಿದ್ದ. "ಅಮ್ಮ ಕೊನೆಯವರೆಗೂ ನಿಮ್ಮ ಪತ್ರಿಕೆ ಓದ್ತಾ ಇದ್ರು" ಎಂದ. "ಹಬ್ಬದ ದಿನ ಬಾಗಿಲು ತೆಗೆದೇ ಇಡ್ತಿದ್ರು, ಸಂಘದವರು ಯಾರಾದ್ರೂ ಬಂದಾರು ಅಂತ." ನಮಗೆ ಉತ್ತರ ಹೊಳೆಯಲಿಲ್ಲ. ರಸೀದಿ ಬರೆದುಕೊಟ್ಟೆವು.

ಆ ರಸೀದಿಯಿಂದ ತೀರದ ಸಾಲಕ್ಕಾಗಿ ಈ ಲೇಖನ. ಇಂದು ನಮ್ಮ ಯಾವುದಾದರೊಂದು ಮನೆಯಲ್ಲಿ ಇದೇ ಕಷ್ಟ ನಡೆದಿರಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ತೊಂದರೆಗಳಿಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಎರಡಕ್ಕೂ ಹಣ ಕೊಡಬೇಕಿಲ್ಲ. ಚಿಕಿತ್ಸಾ ಕೇಂದ್ರವನ್ನು ಆರಿಸುವಾಗ ಅದಕ್ಕೆ ಸರ್ಕಾರದ ಮಾನ್ಯತೆ ಇದೆಯೇ, ವೈದ್ಯರು ಬರುತ್ತಾರೆಯೇ, ಮನೆಯವರಿಗೆ ಪ್ರವೇಶವಿದೆಯೇ ಎಂದು ವಿಚಾರಿಸಿ. ಮನೆಯವರನ್ನು ಒಳಗೆ ಬಿಡದ ಕೇಂದ್ರಕ್ಕೆ ಮಗನನ್ನು ಬಿಡಬೇಡಿ.

ಮತ್ತು ನೆರೆಯವರಾದ ನಾವು ಮಾಡಬಹುದಾದದ್ದು ಬಹಳ ಚಿಕ್ಕದು. ಅಂಥ ಮನೆಗೆ ಹೋಗಬೇಕು. ಕಾರಣ ಕೇಳಬೇಕಾಗಿಲ್ಲ, ಉಪದೇಶ ಹೇಳಬೇಕಾಗಿಲ್ಲ. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಬಸ್ಸಿನಲ್ಲಿ ಕುಳಿತು ಹೋಗಿಬಂದರೂ ಆಯಿತು. ಈ ಸಲ ಹಬ್ಬಕ್ಕೆ ಗಸಗಸೆ ಪಾಯಸ ಮಾಡಿದಾಗ ಒಂದು ಡಬ್ಬಿ ಆ ಮನೆಗೂ ಹೋಗಲಿ.